ಕಾಲಿಗಿಳಿದ ಗೀಳು

ಗಿರಿನಗರ, ಬೆಂಗಳೂರು
18 ನವೆಂಬರ್ 2024

ನನ್ನ ಮಧು ತಾಯಿಗೆ, ನಿನ್ನ ಸೋದರಮಾವ ತಿಮ್ಮರಾಯಪ್ಪ ಬರೆಯುವುದು.

ಫೋನಿದ್ದೂ ಕಾಗದ ಯಾಕೆ ಎಂದು ಕೇಳಿದ್ದೆಯಲ್ಲ. ಫೋನಿಟ್ಟ ಮೇಲೆ ಏನಾದರೂ ತಪ್ಪು ಮಾತಾಡಿದೆನೇನೋ ಎಂದು ನಾನು ಮತ್ತೆ ಫೋನ್ ಮಾಡುತ್ತೇನೆ, ಆಮೇಲೆ ಇನ್ನೊಂದು ಸಲ. ಹಾಗೆ ಎತ್ತಲು ಹೋಗಿ ನೀನು ಹಾಲು ಉಕ್ಕಿಸಿಕೊಂಡದ್ದು ನೆನಪಿದೆ. ಕಾಗದವನ್ನು ಕೆಂಪು ಡಬ್ಬಕ್ಕೆ ಹಾಕಿದರೆ ಮುಗಿಯಿತು, ವಾಪಸು ತೆಗೆಯಲಾಗದು. ಒಂದು ಸಲ ಕೈ ತೂರಿಸಿ ನೋಡಿದೆ. ಪಕ್ಕದ ಜೆರಾಕ್ಸ್ ಅಂಗಡಿಯವನು, “ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಕಳ್ತನಾನಾ?” ಅಂದ.

ನನ್ನ ಗೀಳಿನ ಕಾಯಿಲೆ ನಿನಗೆ ಗೊತ್ತಿರುವುದೇ. ಗ್ಯಾಸ್ ಆರಿಸಿದೆನೋ, ಬೀಗ ಹಾಕಿದೆನೋ ಎನ್ನುವುದು. ಜಯನಗರದ ಡಾಕ್ಟರ್ ಮೇಡಂ ಕೊಟ್ಟ ಮಾತ್ರೆಯಿಂದ ಎರಡು ವರ್ಷದಿಂದ ಎಷ್ಟೋ ವಾಸಿ. ಅಲ್ಲಿನ ಕೌನ್ಸೆಲಿಂಗ್ ಹುಡುಗಿ ಒಂದು ಪಾಠ ಕಲಿಸಿದ್ದಾಳೆ. ಗೀಳು “ಏಳು, ಹೋಗಿ ನೋಡು” ಅಂದರೆ ಏಳಬಾರದು. ಕೂತಲ್ಲೇ ತಡೆದುಕೊಂಡರೆ ಅದೇ ಸುಸ್ತಾಗಿ ಇಳಿಯುತ್ತದೆ. ನಿಜ, ಇಳಿಯುತ್ತದೆ.

ಈಗ ಹೊಸದೊಂದು ಶುರುವಾಗಿದೆ. ಸಂಜೆ ನಿನ್ನ ಅತ್ತೆಯ ಪಕ್ಕ ಹೂ ಕಟ್ಟಲು ಕೂತರೆ ಮೀನಖಂಡದೊಳಗೆ ಏನೋ ಹರಿದಾಡುತ್ತದೆ. ನೋವಲ್ಲ, ಜೋಮೂ ಅಲ್ಲ. ಮಾರ್ಕೆಟ್ಟಿನಿಂದ ತಂದ ಹೂವಿನ ಮೂಟೆ ಬಿಚ್ಚಿದ ಕೂಡಲೇ ಇರುವೆ ಓಡುತ್ತವಲ್ಲ, ಹಾಗೆ. ಆದರೆ ಹೊರಗೆ ಓಡಲು ದಾರಿಯಿಲ್ಲದ ಇರುವೆ. ಕಾಲು “ಏಳು, ಏಳು” ಅನ್ನುತ್ತದೆ. ಎದ್ದು ನಡೆದರೆ ಮಾಯ, ಕೂತರೆ ಮತ್ತೆ ಹಾಜರು.

ಏಳು ಅನ್ನುವುದು ಗೀಳಲ್ಲದೆ ಇನ್ನೇನು? ಮೇಡಂಗೆ “ಗೀಳು ಕಾಲಿಗಿಳಿದಿದೆ” ಎಂದು ಹೇಳಿದೆ. ಅವರು ಮಾತ್ರೆ ಜಾಸ್ತಿ ಮಾಡಿದ್ದಾರೆ. ನಾನೂ ಹಟ ಹಿಡಿದು ಕೂತಿದ್ದೇನೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಹೋದ ಸಲ ಫೋನಿನಲ್ಲಿ ನಾನೇನೂ ತಪ್ಪು ಮಾತಾಡಲಿಲ್ಲ ತಾನೆ? ಒಂದು ಸಾಲು ಬರೆ.

ನಿನ್ನ ಮಾವ

*

ಕಲಬುರಗಿ
27 ನವೆಂಬರ್ 2024

ಮಾವ,

ಮೊದಲು ನೀವು ಕೇಳಿದ ಸಾಲು: ನೀವು ಏನೂ ತಪ್ಪು ಮಾತಾಡಲಿಲ್ಲ, ಎಲ್ಲಾ ಸರಿಯಿದೆ. ಬೇಕಾದರೆ ಇದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ.

ಕಾಲಿನ ವಿಷಯದಲ್ಲಿ ನೀವು ಮಾಡುತ್ತಿರುವುದೇ ಸರಿ. ಬೀಗವನ್ನೇ ಗೆದ್ದವರಿಗೆ ಕಾಲು ಯಾವ ಲೆಕ್ಕ? ಸೋಲಬೇಡಿ, ಏಳಬೇಡಿ.

ಈಗ ನನ್ನ ವಿಷಯ. ಅಂಜನಾಗೆ ವರ್ಷ ತುಂಬುವುದರೊಳಗೆ ಕಿವಿ ಚುಚ್ಚಿಸಬೇಕು. ನರೇಂದ್ರನ ಮನೆಯವರು ಬೌದ್ಧರು, ಅವರಲ್ಲಿ ಈ ಶಾಸ್ತ್ರಗಳಿಲ್ಲ. ಆದರೆ ನನ್ನ ಅಮ್ಮನ ಹೆಸರಿಟ್ಟ ಮಗು, ಅಮ್ಮ ನನಗೆ ಮಾಡಿಸಿದ ಹಾಗೇ ಆಗಲಿ ಎಂದು ಅವನೂ ಒಪ್ಪಿದ್ದಾನೆ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕಲ್ಲ. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ನನಗೆ ಚುಚ್ಚಿಸಿದ್ದು ನಿಮ್ಮ ತೊಡೆಯ ಮೇಲೆ. ಅವಳಿಗೂ ನೀವೇ. ಜನವರಿಯಲ್ಲಿ ಇಲ್ಲಿಗೆ ಬನ್ನಿ, ಅತ್ತೆಯನ್ನೂ ಕರೆತನ್ನಿ.

ನಿಮ್ಮ ಮಧು

*

ಗಿರಿನಗರ
6 ಡಿಸೆಂಬರ್ 2024

ಮಧು ತಾಯಿ,

ನೀನು ಕರೆದದ್ದೇ ದೊಡ್ಡದು. ಆದರೆ ಬರುವುದು ಹೇಗೆ? ಮಾತ್ರೆ ಜಾಸ್ತಿಯಾದ ಮೇಲೆ ಕಾಲಿನ ಕಾಟ ಇಮ್ಮಡಿಯಾಗಿದೆ. ಹಾಸಿಗೆಗೆ ಹೋಗುವಾಗ ಎರಡು ಕಾಲನ್ನೂ ಟವೆಲ್‌ನಿಂದ ಕಟ್ಟಿಕೊಳ್ಳುತ್ತೇನೆ, ಗೀಳು ಎಬ್ಬಿಸದಿರಲಿ ಎಂದು. ನಿನ್ನ ಅತ್ತೆ ನೋಡಿ, “ಓಡೋಗೋ ಹಸುಗೆ ಕಟ್ದಂಗೆ ಕಟ್ಕೊಂಡಿದ್ದೀರಲ್ಲ, ಎಲ್ಲಿಗ್ ಹೋಗ್ಬೇಕು ಅಂತಿದ್ದೀರಿ?” ಅಂದಳು. ಕೌನ್ಸೆಲಿಂಗ್ ಹುಡುಗಿ ಹೇಳಿದ ಹಾಗೆ ಅದು ಸುಸ್ತಾಗುತ್ತಿಲ್ಲ. ನಾನು ಸುಸ್ತಾಗುತ್ತಿದ್ದೇನೆ. ಇಂಥ ಕಾಲು ಹೊತ್ತು ರಾತ್ರಿಯೆಲ್ಲ ರೈಲಿನಲ್ಲಿ ಹೇಗೆ ಕೂರಲಿ?

ಸೋದರಮಾವನೇ ಆಗಬೇಕೆಂದೇನಿಲ್ಲ. ಅಳಿಯಂದಿರ ಸ್ನೇಹಿತರು ಯಾರಾದರೂ ಇದ್ದಾರು, ಕೂರಿಸು. ಚೊಕ್ಕವಾಗಿ ನಡೆಯಲಿ.

ಬರುವುದಿಲ್ಲ ಎಂದದ್ದಕ್ಕೆ ಬೇಜಾರಿಲ್ಲ ತಾನೆ? ಒಂದು ಸಾಲು.

ನಿನ್ನ ಮಾವ

*

ಕಲಬುರಗಿ
15 ಡಿಸೆಂಬರ್ 2024

ಮಾವ,

ಬೇಜಾರಿಲ್ಲ, ಎಲ್ಲಾ ಸರಿಯಿದೆ. ರೈಲು ತಾನೆ ಕಷ್ಟ? ಹಾಗಾದರೆ ನಾವೇ ಬರುತ್ತೇವೆ! ಟಿಕೆಟ್ ಆಯಿತು. ಫೆಬ್ರವರಿ 9, ಭಾನುವಾರ ಸಂಜೆ, ನಿಮ್ಮ ಮನೆಯ ನಡುಮನೆಯಲ್ಲಿ. ಬನಶಂಕರಿಯ ಅಕ್ಕಸಾಲಿ ಚಕ್ರಪಾಣಿಯವರು ಮನೆಗೇ ಬಂದು ಚುಚ್ಚುತ್ತಾರಂತೆ. ನೀವು ಚಾಪೆಯ ಮೇಲೆ ಕೂತರೆ ಸಾಕು. ಅಷ್ಟು ಹೊತ್ತು ಕಾಲನ್ನು ನಾನೇ ಹಿಡಿದುಕೊಳ್ಳುತ್ತೇನೆ.

ಅಂಜನಾ ಈಗ ಎಲ್ಲವನ್ನೂ ಹಿಡಿದು ಎದ್ದು ನಿಲ್ಲುತ್ತಾಳೆ. ಫೋಟೋ ಇಟ್ಟಿದ್ದೇನೆ.

ಮಧು

*

ಗಿರಿನಗರ
24 ಡಿಸೆಂಬರ್ 2024

ಮಧು,

ಫೆಬ್ರವರಿಯಲ್ಲಿ ಆಗುವುದಿಲ್ಲ. ಮನೆಗೆ ಸುಣ್ಣಬಣ್ಣ ಮಾಡಿಸಬೇಕು. ನಡುಮನೆಯೂ ಚಿಕ್ಕದು.

ಕಾಲು ಈಗ ಪೂರ್ತಿ ವಾಸಿಯಾಗಿದೆ. ಅದರ ಚಿಂತೆ ಬೇಡ.

ಮಗುವನ್ನು ಇಲ್ಲಿಗೆ ಕರೆತರಬೇಡ. ಫೋಟೋ ವಾಪಸು ಕಳಿಸಿದ್ದೇನೆ, ಇಲ್ಲಿ ಹಾಳಾಗುತ್ತದೆ.

ಮಾವ

*

ಕಲಬುರಗಿ
2 ಜನವರಿ 2025

ಮಾವ,

ಕಾಲು ಸರಿಯಿಲ್ಲ, ಬರುವುದಿಲ್ಲ ಎಂದಿರಿ. ಈಗ ಕಾಲು ಸರಿಯಿದೆ, ನಾವು ಬರಬಾರದು. ಫೋಟೋ ಕೂಡ ನಿಮ್ಮ ಮನೆಯಲ್ಲಿ ಇರಬಾರದು.

ನಾನು ನರೇಂದ್ರನನ್ನು ಮದುವೆಯಾದಾಗ ನಮ್ಮ ಕಡೆಯಿಂದ ಬಂದವರು ನೀವು, ಅತ್ತೆ ಇಬ್ಬರೇ. ಅವರ ಮನೆಯ ಪಂಕ್ತಿಯಲ್ಲಿ ಮೊದಲು ಕೂತು ಉಂಡವರು ನೀವು. ಅದನ್ನು ನಾನು ಎಷ್ಟು ಜನರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ ಗೊತ್ತೇ? ಊಟಕ್ಕೆ ಆಗುತ್ತದೆ, ತೊಡೆಗೆ ಆಗುವುದಿಲ್ಲವೇ? ನರೇಂದ್ರನ ಮಗು ನಿಮ್ಮ ಮೈಗೆ ತಾಗಬಾರದೇ?

ಚಿಕ್ಕವಳಿದ್ದಾಗ ಅಮ್ಮ ಹೇಳುತ್ತಿದ್ದಳು, ನಿಮ್ಮ ಮಾವ ನಿನ್ನನ್ನು ಯಾಕೋ ಎತ್ತಿಕೊಳ್ಳುವುದೇ ಇಲ್ಲ ಎಂದು. ನಾನು ನಿಮ್ಮ ಪರ ವಹಿಸಿ ಜಗಳ ಮಾಡುತ್ತಿದ್ದೆ.

“ಎಲ್ಲಾ ಸರಿಯಿದೆ” ಎನ್ನುವ ಸಾಲನ್ನು ಈ ಸಲ ಬರೆಯಲಾರೆ.

ಮಧುಶ್ರೀ

*

ಗಿರಿನಗರ
11 ಜನವರಿ 2025

(ಮಧು ಅಕ್ಕ, ನಿಮ್ಮ ಅತ್ತೆ ಬೈರಮ್ಮ ಆಂಟಿ ಹೇಳ್ತಿರೋದು. ನಾನು ಮಹಡಿ ಮನೆ ಬಾಡಿಗೆಯ ಸಂಗೀತಾ. ಹೇಳಿದ ಹಾಗೇ ಬರೀಬೇಕು ಅಂತ ಆಣೆ ಹಾಕಿಸಿದ್ದಾರೆ.)

ಏನೇ ಮಧು, ನಿಮ್ಮ ಮಾವಂಗೆ ಏನ್ ಬರ್ದಿದ್ದೀಯೇ? ಕಾಗ್ದ ಓದಿ ಜೇಬಿಗಿಟ್ಕೊಂಡೋರು ನೆಟ್ಗೆ ಊಟ ಮಾಡಿಲ್ಲ. ಕೇಳಿದ್ರೆ “ಮಧು ಬೈದಿದ್ದು ಸರಿಯಾಗೇ ಐತೆ” ಅಂತಾರೆ. ಯಾಕೆ ಅಂದ್ರೆ ಎದ್ದು ಹೊರಗೆ ಹೋಯ್ತಾರೆ.

ಇನ್ನೊಂದ್ ಕೇಳು. ಮಾತ್ರೆ ಬಿಟ್ಟವ್ರೆ! ಹಬ್ಬಕ್ಕೆ ಎಳ್ಳು ಹುರಿಯಾನ ಅಂತ ಡಬ್ಬ ತೆಗೆದ್ರೆ ಎಳ್ಳಿನೊಳಗೆ ಮಾತ್ರೆ. ನಾನು ನೀರು ಕೊಟ್ಟು ಎದುರಿಗೆ ನಿಂತ್ರೆ ಬಾಯಿಗ್ ಹಾಕ್ಕೊಳೋರು, ಆಮೇಲೆ ಇಲ್ಲಿ ತಂದು ಬಚ್ಚಿಡೋರು. ನೋಡ್ದೆ ಹುರಿದು ಎಳ್ಳು ಬೀರಿದ್ದಿದ್ರೆ ಇಡೀ ಗಿರಿನಗರದ ಗೀಳು ವಾಸಿಯಾಗೋದು.

ಕಾಲೇನೋ ಸುಮ್ಕಾಗೈತೆ. ಈಗ ತಲೆ ಎದ್ದೈತೆ. ಈಳಿಗೆಮಣೆ ಅಟ್ಟದ ಮ್ಯಾಲೆ ಹಾಕವ್ರೆ. ಕತ್ರಿ ಎಲ್ಲಿಟ್ಟವ್ರೋ ಸಿಕ್ತಿಲ್ಲ. ಹೂ ಕಟ್ಟೋಳು ಹಲ್ಲಲ್ಲಿ ದಾರ ಕಡೀತಿದ್ದೀನಿ, ಇರೋ ಹಲ್ಲೇ ನಾಕು. ಸಂಗೀತನ ಕೂಸು ಮೆಟ್ಲು ಇಳಿದ್ರೆ ಇವ್ರು ಬಚ್ಚಲಿಗೆ ಹೋಗಿ ಚಿಲ್ಕ ಹಾಕ್ಕೊತಾರೆ. (ಹೌದು ಅಕ್ಕ, ನಾನೂ ನೋಡಿದೀನಿ. ನಮ್ಮ ಮೇಲೇನೋ ಕೋಪ ಅಂದ್ಕೊಂಡಿದ್ದೆ.)

ನಿಂಗೇನಾದ್ರೂ ಗೊತ್ತಿದ್ರೆ ಹೇಳವ್ವ. ಇಷ್ಟು ವರ್ಷ ಬಾಳಾಟ ಮಾಡಿ ನಂಗೇ ಗೊತ್ತಿಲ್ಲ.

*

ಗಿರಿನಗರ
12 ಜನವರಿ 2025

ಮಧು,

ನೀನು ಕೇಳಿದ್ದಕ್ಕೆ ಉತ್ತರ “ಅಲ್ಲ”. ಆದರೆ ನಿಜ ಹೇಳದೆ ಬರೀ ಅಲ್ಲ ಎಂದರೆ ನೀನು ಯಾಕೆ ನಂಬಬೇಕು? ಮಗುವನ್ನು ಅಳಿಯಂದಿರ ಕೈಗೆ ಕೊಟ್ಟು, ಒಂದು ಕಡೆ ಕೂತು ಓದು.

ಬೀಗ, ಗ್ಯಾಸು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಬಾಯಿಬಿಟ್ಟು ಹೇಳಬಹುದಾದ ಗೀಳು. ಹೇಳಲಾಗದ್ದು ಬೇರೆ ಇದೆ. ನಿನಗೆ ಕಿವಿ ಚುಚ್ಚಿದ ದಿನ ನೀನು ನನ್ನ ತೊಡೆಯ ಮೇಲಿದ್ದೆ. ಎದುರಿಗೆ ಅಕ್ಕ, ನಿನ್ನಮ್ಮ, ಬೆಲ್ಲದ ಚೂರು ಹಿಡಿದು ನಿನ್ನನ್ನು ನಗಿಸುತ್ತಿದ್ದಳು. ಅಕ್ಕಸಾಲಿ ಸೂಜಿ ತೆಗೆದ. ಆಗ ನನ್ನ ತಲೆಯೊಳಗೆ ಒಂದು ಮಾತು ಬಂತು: ಆ ಸೂಜಿ ಕಸಿದುಕೊಂಡು ನೀನೇ ಮಗುವಿಗೆ ಚುಚ್ಚಿಬಿಟ್ಟರೆ? ಮಾತು ನನ್ನದಲ್ಲ, ಆದರೆ ದನಿ ನನ್ನದೇ. ಮೈಯೆಲ್ಲ ಬೆವೆತಿತು. ಎಲ್ಲರೂ ಮಾವನಿಗೆ ಮಗು ಅಳುವುದು ನೋಡಲಾಗದು, ಎಷ್ಟು ಮೆದು ಮನಸ್ಸು ಎಂದರು.

ಆಮೇಲೆ ನಿನ್ನನ್ನು ಎತ್ತಿಕೊಳ್ಳಲಿಲ್ಲ. ನಿನ್ನನ್ನೆಂದಲ್ಲ, ಯಾರ ಮಗುವನ್ನೂ. ಮಕ್ಕಳಾಗಲಿ ಎಂದು ನಿನ್ನ ಅತ್ತೆ ಬನಶಂಕರಿಗೆ ಹರಕೆ ಹೊತ್ತು ಪ್ರದಕ್ಷಿಣೆ ಹಾಕುವಾಗ ನಾನು ಅದೇ ಅಮ್ಮನವರ ಮುಂದೆ ನಿಂತು, ಬೇಡ ತಾಯಿ, ನಮ್ಮ ಮನೆಗೆ ಮಾತ್ರ ಮಗು ಬೇಡ ಎಂದು ಕೇಳಿಕೊಂಡಿದ್ದೇನೆ. ಇದು ಅವಳಿಗೆ ಗೊತ್ತಿಲ್ಲ.

ಮೊದಲ ಸಲ ಹೇಳಿದ್ದು ಡಾಕ್ಟರ್ ಮೇಡಂಗೆ. ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ಅವರು ಬೆಚ್ಚಲೂ ಇಲ್ಲ. “ತಿಮ್ಮರಾಯಪ್ಪನವ್ರೇ, ಇದೂ ಗೀಳೇ. ನಿಮಗೆ ಮಗು ಮೇಲೆ ಪ್ರೀತಿ ಇರೋದಕ್ಕೇ ಅದು ಅಲ್ಲಿಗೇ ಬಂದು ಹೆದರಿಸುತ್ತೆ” ಅಂದರು. ಮಾತ್ರೆಯಿಂದ ಆ ದನಿ ತಗ್ಗಿತು. ಅಂಜನಾ ಹುಟ್ಟಿದಾಗ ನೀನು ಕಳಿಸಿದ ಫೋಟೋ ನೋಡಿ ನನಗೆ ಬರೀ ಖುಷಿಯಾಯಿತು. ಬರೀ ಖುಷಿ ಅಂದರೆ ಏನೆಂದು ನಿನಗೆ ಹೇಗೆ ಹೇಳಲಿ.

ಆಮೇಲೆ ಕಾಲಿನ ಕಾಟ. ತಡೆಯಲಾಗದೆ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ತಲೆ ತಿರುಗಿತು, ವಾಕರಿಕೆ ಬಂತು, ಆದರೆ ಕಾಲು ಸುಮ್ಮನಾಯಿತು. ಹಿಂದೆಯೇ ಆ ದನಿ ವಾಪಸು ಬಂತು. ಈ ಸಲ ಅದಕ್ಕೆ ಅಂಜನಾ ಎಂಬ ಹೆಸರೂ ಗೊತ್ತು. ಫೋಟೋ ವಾಪಸು ಕಳಿಸಿದ್ದು ಅದಕ್ಕೆ.

ಮಾತ್ರೆ ನುಂಗಿದರೆ ತೊಡೆ ನಿಲ್ಲುವುದಿಲ್ಲ. ಬಿಟ್ಟರೆ ತೊಡೆ ನಿಲ್ಲುತ್ತದೆ, ನಾನು ನಿಲ್ಲುವುದಿಲ್ಲ. ಎರಡರಲ್ಲಿ ಯಾವುದರ ಮೇಲೆ ಮಗುವನ್ನು ಕೂರಿಸುತ್ತೀಯ?

ಇದು ನರೇಂದ್ರ ಅವರ ಮಗು ಎನ್ನುವುದಕ್ಕಲ್ಲ. ಮಗು ಎನ್ನುವುದಕ್ಕೆ.

ಮಾವ

*

ಕಲಬುರಗಿ
22 ಜನವರಿ 2025

ಮಾವ,

ಸುಳ್ಳು ಹೇಳುವುದಿಲ್ಲ. ಓದುವಾಗ ನನಗೆ ಹೆದರಿಕೆಯಾಯಿತು. ಎದ್ದು ಹೋಗಿ ಅಂಜನಾ ಮಲಗಿದ್ದಾಳೆಯೇ ಎಂದು ನೋಡಿ ಬಂದೆ. ಆಮೇಲೆ ನೆನಪಾಯಿತು, ನೀವು ಹೀಗೇ ಎದ್ದು ಎದ್ದು ನೋಡುತ್ತಾ ಇಷ್ಟು ವರ್ಷ ಕಳೆದಿದ್ದೀರಿ.

ನರೇಂದ್ರನಿಗೂ ಓದಿಸಿದೆ. ಮೂರನೆಯ ದಿನ ಊಟ ಮಾಡುವಾಗ ತಾನಾಗಿಯೇ ಹೇಳಿದ: “ಅವ್ರು ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಮಾಡಿಲ್ಲ ಮಧು. ಮಾಡಿದ್ರೆ ತಮಗೆ ತಾವೇ ಮಾಡ್ಕೊಂಡಿದಾರೆ. ಟಿಕೆಟ್ ಕ್ಯಾನ್ಸಲ್ ಮಾಡ್ಬೇಡ, ಡೇಟ್ ಮುಂದಕ್ಕೆ ಹಾಕು.” ಜಾತಿಯ ಮಾತೆತ್ತಿ ನಾನು ಬರೆದ ಕಾಗದವನ್ನು ಅವನಿಗೆ ತೋರಿಸಿರಲಿಲ್ಲ. ಈಗ ತೋರಿಸಿ ಬೈಸಿಕೊಂಡೆ.

ಎರಡು ಮಾತು. ಒಂದು, ಅತ್ತೆಗೆ ಹೇಳಿ. ಎಳ್ಳಿನ ಡಬ್ಬದ ವಿಷಯ ನನಗೆ ಗೊತ್ತು, ಯಾರು ಹೇಳಿದರು ಎಂದು ಕೇಳಬೇಡಿ. ಇನ್ನೊಂದು, ಅತ್ತೆಯನ್ನು ಕರೆದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಕಾಲಿನ ಬಗ್ಗೆ ಹೇಳುವಾಗ ಗೀಳು ಎನ್ನುವ ಪದವನ್ನೇ ಎತ್ತಬೇಡಿ. ನನಗೆ ಬರೆದಿದ್ದಿರಲ್ಲ, ಹೂವಿನ ಮೂಟೆ, ಇರುವೆ, ನಡೆದರೆ ಮಾಯ ಎಂದು. ಅದನ್ನು ಅವರಿಗೆ ಹೇಳಿದ್ದಿರೇ? ನನಗೆ ಯಾಕೋ ಇಲ್ಲ ಅನ್ನಿಸುತ್ತದೆ.

ಮಧು

*

ಗಿರಿನಗರ
3 ಫೆಬ್ರವರಿ 2025

ಮಧು ತಾಯಿ,

ನಿನ್ನ ಅತ್ತೆಗೆ ಎಲ್ಲಾ ಹೇಳಿದೆ, ಅಮ್ಮನವರ ಮುಂದೆ ಕೇಳಿಕೊಂಡದ್ದನ್ನೂ. ಕಟ್ಟುತ್ತಿದ್ದ ಕನಕಾಂಬರ ಕೆಳಗಿಟ್ಟಳು. “ನನ್ ಮೇಲೆ ಮನಸ್ಸಿಲ್ಲ, ಅದ್ಕೇ ಮಗು ಬೇಡ ಅಂತಾರೆ ಅಂತ ತಿಳ್ಕೊಂಡಿದ್ದೆ ಕಣ್ರೀ” ಅಂದಳು. ಅಟ್ಟ ಹತ್ತಿ ಈಳಿಗೆಮಣೆ ಇಳಿಸಿ, ನನ್ನ ಎದುರಿಗೇ ಕೂತು ಹುರುಳಿಕಾಯಿ ಹೆಚ್ಚಿದಳು. ಅವಳು ಅಳುತ್ತಿದ್ದಳು, ನಾನು ನೋಡುತ್ತಾ ಕೂತಿದ್ದೆ.

ಜಯನಗರಕ್ಕೆ ಇಬ್ಬರೂ ಹೋದೆವು. ನೀನು ಹೇಳಿದಂತೆ ಇರುವೆಯ ಕಥೆಯನ್ನಷ್ಟೇ ಹೇಳಿದೆ. ಮೇಡಂ ಬರೆಯುವುದನ್ನು ನಿಲ್ಲಿಸಿದರು.

“ಸಂಜೆ ಮೇಲೇನೇ ಜಾಸ್ತಿನಾ? ನಡೆದ್ರೆ ಹೋಗುತ್ತಾ?”

“ಹೂಂ ಮೇಡಂ.”

“ಇದನ್ನ ಮೊದಲೇ ಯಾಕ್ ಹೇಳ್ಲಿಲ್ಲ?”

“ಹೇಳಿದ್ನಲ್ಲ ಮೇಡಂ, ಗೀಳು ಕಾಲಿಗಿಳಿದಿದೆ ಅಂತ.”

ಅವರು ಕನ್ನಡಕ ತೆಗೆದರು. “ನೀವು ಗೀಳು ಅಂದ್ರಿ, ನಾನು ಗೀಳಿನ ಮಾತ್ರೆ ಜಾಸ್ತಿ ಮಾಡ್ದೆ. ನಾನಾದ್ರೂ ಬಿಡಿಸಿ ಕೇಳ್ಬೇಕಿತ್ತು.”

ನಿನ್ನ ಅತ್ತೆ ಬಿಡುತ್ತಾಳೆಯೇ? “ಇವ್ರಿಗೆ ಓದು ಬರೋದೇ ತಪ್ಪಾಯ್ತು ನೋಡಿ ಮೇಡಂ. ನನ್ ಹಂಗೆ ಹೆಬ್ಬೆಟ್ಟಾಗಿದ್ದಿದ್ರೆ ಇರುವೆ ಕಡಿದಂಗಾಯ್ತದೆ ಅಂತಿದ್ರು, ಕತೆ ಮುಗೀತಿತ್ತು.”

ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಸುಮ್ಮನಿರದ ಕಾಲು, ಎನ್ನುತ್ತಾರಂತೆ. ಬೇರೆಯದೇ ಕಾಯಿಲೆ. ಕೆಲವರಿಗೆ ಈ ಜಾತಿಯ ಮಾತ್ರೆಯಿಂದಲೇ ಬರುವುದು, ಇದ್ದದ್ದು ಹೆಚ್ಚುವುದೂ ಉಂಟಂತೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದರೂ ಕಾಟ ಕೊಡುತ್ತದಂತೆ. ರಕ್ತ ಪರೀಕ್ಷೆ ಮಾಡಿಸಿದರು, ನನ್ನದು ಬಹಳ ಕೆಳಗಿದೆ, ಅದಕ್ಕೆ ಬೇರೆ ಮಾತ್ರೆ. ಗೀಳಿನ ಮಾತ್ರೆಯನ್ನು ಮತ್ತೆ ಸ್ವಲ್ಪದರಿಂದ, ಬೆಳಿಗ್ಗೆ ಹೊತ್ತು. ಸಂಜೆ ಕಾಫಿ ಇಲ್ಲ. ತಾವು ಹೇಳದೆ ಮಾತ್ರೆ ನಿಲ್ಲಿಸಬಾರದೆಂದು ಗದರಿದರು. ಎರಡೂ ಒಟ್ಟಿಗೆ ಹತೋಟಿಗೆ ಬರುತ್ತವೆಂದು ಮಾತು ಕೊಡಲಾರರಂತೆ, ನೋಡುತ್ತಾ ಹೋಗಬೇಕಂತೆ.

ಇನ್ನೊಂದು ಹೇಳಿದರು. ತಲೆ “ಏಳು” ಅಂದರೆ ಏಳಬಾರದು. ಕಾಲು “ಏಳು” ಅಂದರೆ ಏಳಬೇಕು. ಎರಡೂ ಆಡುವುದು ಒಂದೇ ಮಾತು, ನಾನು ಒಂದೇ ಎಂದುಕೊಂಡಿದ್ದೆ. ಟವೆಲ್ ಕಟ್ಟಿಕೊಂಡು ಕಳೆದ ರಾತ್ರಿಗಳನ್ನು ನೆನೆದರೆ ನಗಬೇಕೋ ಅಳಬೇಕೋ.

ಕೌನ್ಸೆಲಿಂಗ್ ಹುಡುಗಿ ನಿನ್ನ ಮೇಲೂ ದೂರು ಹೇಳಿದಳು. ಕಾಗದದ ಕೊನೆಗೆ ನಾನು ಕೇಳುವುದು, ನೀನು “ಎಲ್ಲಾ ಸರಿಯಿದೆ” ಎಂದು ಬರೆಯುವುದು, ಅದೂ ಬೀಗ ಎಳೆದು ನೋಡಿದ ಹಾಗೆಯೇ ಅಂತೆ. ಇನ್ನು ಮೇಲೆ ನಾನು ಕೇಳಬಾರದು, ಕೇಳಿದರೂ ನೀನು ಬರೆಯಬಾರದು.

ಮಾರ್ಚ್ ಕೊನೆಯವರೆಗೆ ಕೊಡು. ಚುಚ್ಚಿಸುವುದು ಬೆಳಗಿನ ಹೊತ್ತಾಗಲಿ, ಕಾಲು ಆಗ ಸುಮ್ಮನಿರುತ್ತದೆ. ಫೋಟೋ ಮತ್ತೆ ಕಳಿಸು.

ನಿನ್ನ ಮಾವ

*

ಕಲಬುರಗಿ
28 ಮಾರ್ಚ್ 2025

ಮಾವ,

ನಿಮ್ಮ ಮನೆಯಿಂದ ಬಂದ ಮೇಲೆ ಇವತ್ತು ಬಿಡುವಾಯಿತು.

ಚಕ್ರಪಾಣಿಯವರು ಬೆಳಿಗ್ಗೆ ಒಂಬತ್ತಕ್ಕೆ ಎಂದವರು ಹನ್ನೊಂದೂವರೆಗೆ ಬಂದರಲ್ಲ. “ಸಾರ್, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರ್ತಿದೀನಿ, ನನ್ ಕಿವೀನೇ ಬೇಕಾದ್ರೆ ಚುಚ್ಚಿ” ಎಂದಾಗ ನರೇಂದ್ರ ಕೂಡ ನಕ್ಕ. ನೀವು ಮಾತ್ರ ನಗಲಿಲ್ಲ. ಅಷ್ಟು ಹೊತ್ತೂ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಕಾದಿರಿ. ಇಳಿಸಿ ಎಂದರೂ ಇಳಿಸಲಿಲ್ಲ.

ಅವರು ಸೂಜಿ ತೆಗೆದಾಗ ನಾನು ನಿಮ್ಮ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದೆ. ಬಲಗಾಲು ನಡುಗಲು ಶುರುವಾಯಿತು. ನಿಮಗೆ ಹೆದರಿಕೆ ಬಂತು, ಮಗುವನ್ನು ತೆಗೆದುಕೊಳ್ಳಬೇಕು ಎಂದು ಕೈ ಚಾಚಿದೆ. ಅಷ್ಟರಲ್ಲಿ ಅಂಜನಾ ನಗತೊಡಗಿದಳು. ತೊಡೆ ಕುಣಿಸುತ್ತಿದ್ದೀರಿ ಎಂದುಕೊಂಡಳು. ಅತ್ತೆ “ಕುಣ್ಸಿ ಕುಣ್ಸಿ, ನಿಲ್ಲಿಸ್ಬೇಡಿ” ಅಂದರು. ಚುಚ್ಚಿದ್ದು ಗೊತ್ತಾಗಿ ಅವಳು ಅತ್ತದ್ದು ಆಮೇಲೆ.

ಕೈ ಚಾಚಿದ್ದನ್ನು ನೀವು ನೋಡಿದಿರಿ. ಬಂದಾಗಿನಿಂದ ಅದೇ ನನ್ನನ್ನು ಕೊರೆಯುತ್ತಿದೆ.

ಎಡಗಿವಿ ಸ್ವಲ್ಪ ಕೆಂಪಾಗಿ ಊದಿದೆ. ಇಲ್ಲಿನ ಡಾಕ್ಟರ್ ಹಚ್ಚಲು ಮುಲಾಮು ಕೊಟ್ಟಿದ್ದಾರೆ. ಬರೆಯಲೋ ಬೇಡವೋ ಎಂದು ಯೋಚಿಸಿ ಬರೆದಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಯಾಕೆಂದು ನಿಮಗೆ ಗೊತ್ತು.

ಮಧು

*

ಗಿರಿನಗರ
5 ಏಪ್ರಿಲ್ 2025

ಮಧು ತಾಯಿ,

ಕೈ ಚಾಚಿದ್ದನ್ನು ನೋಡಿದೆ. ತಾಯಿಯಾದವಳು ಚಾಚಬೇಕಾದ್ದೇ. ಆದರೆ ನೀನು ನೋಡಿದ್ದು ತಪ್ಪು ಜಾಗ. ನಡುಗಿದ ಕಾಲಿಗೆ ಮಗುವಿನ ಸುದ್ದಿಯೂ ಗೊತ್ತಿರಲಿಲ್ಲ, ಸೂಜಿಯ ಸುದ್ದಿಯೂ ಗೊತ್ತಿರಲಿಲ್ಲ. ಅದು ಬಹಳ ಹೊತ್ತು ಕೂತಿದ್ದಕ್ಕೆ ಎದ್ದ ಬರೀ ಕಾಲು. ಭಯ ಇದ್ದದ್ದು ಕೈಯಲ್ಲಿ. ಮಗುವಿನ ಹೊಟ್ಟೆಯ ಸುತ್ತ ಹಿಡಿದಿದ್ದ ಎರಡೂ ಕೈಯಲ್ಲಿ. ಆ ದನಿ ಬಂದಿತ್ತು ಮಧು. ಮೊದಲಿನಷ್ಟು ಜೋರಾಗಿಯಲ್ಲ, ಆದರೆ ಬಂದಿತ್ತು, ಅದೇ ಮಾತನ್ನೇ ಆಡಿತು. ನಾನು ಉತ್ತರ ಕೊಡಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

ಕಾಲು ಪೂರ್ತಿ ವಾಸಿಯಾಗಿಲ್ಲ. ವಾರದಲ್ಲಿ ಮೂರು ನಾಲ್ಕು ಸಂಜೆ ಬರುತ್ತದೆ. ಬಂದಾಗ ಹೂ ಕಟ್ಟುವುದು ಬಿಟ್ಟು ಎದ್ದು ರಿಂಗ್ ರೋಡಿನವರೆಗೆ ನಡೆಯುತ್ತೇನೆ. ಅಲ್ಲಿಯವರೆಗೂ ಒಂದು ಕಾಲಕ್ಕೆ ನಮ್ಮ ಹೂವಿನ ತೋಟವೇ ಇತ್ತು. ನಿನ್ನ ಅತ್ತೆ ಒಂದೊಂದು ದಿನ ಜೊತೆಗೆ ಬರುತ್ತಾಳೆ, ಒಂದೊಂದು ದಿನ ಮಾತಾಡದೆ ಮುಖ ತಿರುಗಿಸಿ ಕೂರುತ್ತಾಳೆ. ಹರಕೆಯ ವಿಷಯ ಅವಳಿಗೆ ಇನ್ನೂ ಜೀರ್ಣವಾಗಿಲ್ಲ. ಆಗಬೇಕೆಂದು ಕೇಳುವ ಹಕ್ಕು ನನಗಿಲ್ಲ. ಕತ್ತರಿ ಮಾತ್ರ ಸಿಕ್ಕಿತು, ಗೋಣಿಚೀಲದ ತಳದಲ್ಲಿಟ್ಟು ಮರೆತಿದ್ದೆ.

ಎಡಗಿವಿ ಕೆಂಪಾಗಿದೆ ಎಂದು ಬರೆದಿದ್ದೀಯ. ಕಾಗದ ಬಂದ ದಿನದಿಂದ ಆ ಸಾಲನ್ನೇ ಓದುತ್ತಿದ್ದೇನೆ. ಅದರ ಕೆಳಗೆ ನನ್ನ ಆ ಹಳೆಯ ಪ್ರಶ್ನೆ ಕೂತಿದೆ. ನಿನಗೂ ಕಾಣುತ್ತಿದೆ, ನನಗೂ ಕಾಣುತ್ತಿದೆ. ಕೇಳಿದರೆ ನೀನು ಮನಸ್ಸು ತಡೆಯದೆ ಉತ್ತರ ಬರೆದೇಬಿಡುತ್ತೀಯ, ಅದಕ್ಕೇ ಕೇಳುವುದಿಲ್ಲ.

ಸಂಜೆಯಾಯಿತು, ಕಾಲು ಏಳು ಅನ್ನುತ್ತಿದೆ. ತಲೆ ಕೂತು ಇನ್ನೊಂದು ಸಾಲು ಬರೆ ಅನ್ನುತ್ತಿದೆ. ಇವತ್ತು ಕಾಲಿನ ಮಾತು ಕೇಳುತ್ತೇನೆ. ಕೆಂಪು ಡಬ್ಬದವರೆಗೆ ನಡೆದು, ಇದನ್ನು ಹಾಕಿ, ಕೈ ಬೀಸಿಕೊಂಡು ಬರುತ್ತೇನೆ.

ಅಂಜನಾಳ ಸೋದರಮಾವ